ಕುಂಬಳಕಾಯಿಗೆ ಸಮ ಆದ ಟೋಪಿ

ನನ್ನ ತಲೆಯ ಸುತ್ತಳತೆ 59 ಸೆಂಟಿಮೀಟರ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನ ಅನಾಹುತಗಳಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ಹುಟ್ಟಿದ್ದು. ಇನ್ನು, ಟೋಪಿ ಸಂಗ್ರಹಿಸುವವನಿಗೆ ಯಾರು ಟೋಪಿ ಹಾಕಿದರು ಎಂಬ ಜೋಕು ನಿಮ್ಮ ನಾಲಗೆಯ ತುದಿಗೆ ಬಂದಿದ್ದರೆ ದಯವಿಟ್ಟು ನುಂಗಿಬಿಡಿ. ಪೆರ್ಲದಲ್ಲಿರುವ ನನ್ನ ಭಾವ ಅದನ್ನು ಹನ್ನೆರಡು ವರ್ಷದಿಂದ ಹೇಳುತ್ತಿದ್ದಾನೆ, ಪ್ರತಿ ಸಲವೂ ಈಗಷ್ಟೇ ಹೊಳೆದವನ ಹಾಗೆ.

ಶುರುವಾದದ್ದು ಅಟ್ಟದಲ್ಲಿ. ನೀರ್ಚಾಲಿನ ಹತ್ತಿರದ ನಮ್ಮ ಹಳೇಮನೆಯ ಅಟ್ಟವೆಂದರೆ ಅಡಿಕೆ ಗೋಣಿ, ಕಾಲು ಮುರಿದ ತೊಟ್ಟಿಲು, ಬಾಯಿ ಒಡೆದ ಭರಣಿ. ಅವುಗಳ ಹಿಂದೆ ಒಂದು ಖಾಕಿ ಸೋಲಾರ್ ಟೋಪಿ ಸಿಕ್ಕಿತು. ಅಜ್ಜ ಶಾನುಭಾಗರಾಗಿದ್ದವರು. 1956ಕ್ಕೆ ಮೊದಲು, ಅಂದರೆ ಕಾಸರಗೋಡು ಇನ್ನೂ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ, ಮೋಜಣಿಗೆ ಬಂದ ಯಾರೋ ಅಧಿಕಾರಿ ಅದನ್ನು ನಮ್ಮ ಜಗಲಿಯಲ್ಲಿ ಮರೆತು ಹೋದರಂತೆ. ಅಜ್ಜ ಒಂದು ದಿನವೂ ಅದನ್ನು ತಲೆಗೆ ಇಟ್ಟವರಲ್ಲ. ಬೆಕ್ಕುಗಳು ಮಾತ್ರ ತಲೆಮಾರುಗಟ್ಟಲೆ ಅದರಲ್ಲಿ ಮರಿ ಹಾಕಿಕೊಂಡು ಸುಖವಾಗಿದ್ದವು.

ಸೋಲಾರ್ ಎಂದರೆ ಸೂರ್ಯನಿಗೆ ಸಂಬಂಧಪಟ್ಟದ್ದು ಅಂತ ನಾನೂ ಶಾಲೆಯಲ್ಲಿ ಮಕ್ಕಳಿಗೆ ಹೇಳಿದವನೇ. ಗಣಿತ ಮಾಷ್ಟ್ರು ಇಂಥದ್ದಕ್ಕೆಲ್ಲ ಕೈ ಹಾಕಬಾರದು. ಅದು ಶೋಲಾ ಎಂಬ ಗಿಡದ ಬೆಂಡು. ಬಂಗಾಳದ ಕಡೆ ಜೌಗಿನಲ್ಲಿ ಬೆಳೆಯುತ್ತದೆ. ಬೆಂಡನ್ನು ಪದರಪದರವಾಗಿ ಅಂಟಿಸಿ, ಮೇಲೆ ಬಟ್ಟೆ ಎಳೆದರೆ ಸೋಲಾ ಟೋಪಿ. ಬಾಯಿಂದ ಬಾಯಿಗೆ ಹೋಗುತ್ತಾ ಅದಕ್ಕೊಂದು 'ರ್' ಅಂಟಿಕೊಂಡು ಸೂರ್ಯನ ಲೆಕ್ಕಕ್ಕೆ ಸೇರಿತು. ಬೆಂಡಿನ ಟೋಪಿ ತಲೆಯ ಮೇಲೆ ಇದೆ ಅಂತಲೇ ಗೊತ್ತಾಗುವುದಿಲ್ಲ, ಅಷ್ಟು ಹಗುರ. ಮಳೆ ಬರುವವರೆಗೆ.

ಜೌಗಿನಲ್ಲಿ ಹುಟ್ಟಿದ್ದಕ್ಕೆ ನೀರಿನ ಮೇಲೆ ಎಷ್ಟು ಪ್ರೀತಿ ಎಂಬುದು ನನಗೆ ತಿಳಿದದ್ದು ಒಂದು ಜೂನ್ ತಿಂಗಳಲ್ಲಿ. ಬಸ್ಸಿನಿಂದ ಇಳಿದು ತೋಟದ ದಾರಿ ಹಿಡಿದಿದ್ದೆ, ನಮ್ಮೂರಿನ ಮಳೆ ಹೇಳದೆ ಕೇಳದೆ ಕವುಚಿ ಬಿತ್ತು. ಟೋಪಿ ಕುಡಿಯಿತು. ಕುಡಿದು ಉಬ್ಬಿತು. ಮನೆಯ ಅರ್ಧ ದಾರಿಯಲ್ಲಿ ಅದು ನೆನೆಹಾಕಿದ ಉದ್ದಿನ ಪಾತ್ರೆಯಷ್ಟು ಭಾರವಾಗಿತ್ತು, ಹಳೇ ಅಂಟು ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ತೋಟದ ಬದುವಿನಲ್ಲಿ ಕೆಲಸದ ಅಣ್ಣ ಹಾಳೆಯ ಮುಟ್ಟಾಳೆ ಹಾಕಿಕೊಂಡು ಆರಾಮಾಗಿ ನಿಂತಿದ್ದ. ಅವನ ತಲೆಯಲ್ಲಿ ಒಂದು ಹನಿ ಇಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ ತುಳುವಿನಲ್ಲಿ ಕೇಳಿದ, "ಮಾಸ್ಟ್ರೇ, ಅವು ದಾದ ಮಂಡೆಡ್?" ತಲೆಯಲ್ಲಿ ಅದೇನು ಎಂಬ ಪ್ರಶ್ನೆಗೆ ಅಷ್ಟು ಹೊತ್ತಿಗೆ ನನ್ನಲ್ಲೂ ಉತ್ತರ ಇರಲಿಲ್ಲ. ಅವನು ತನ್ನ ಮುಟ್ಟಾಳೆ ತೆಗೆದು ನನಗಿಟ್ಟ. ಅಡಿಕೆ ಮರದಿಂದ ಬಿದ್ದ ಹಾಳೆಯನ್ನು ನೆನೆಸಿ, ಮಡಚಿ, ನಾಲ್ಕು ಹೊಲಿಗೆ ಹಾಕಿದರೆ ಮುಗಿಯಿತು; ನೀರು ಕೆಸುವಿನ ಎಲೆಯ ಮೇಲಿನಂತೆ ಜಾರುತ್ತದೆ. ಹಾಗೆ ನನ್ನ ಸಂಗ್ರಹಕ್ಕೆ ಎರಡನೆಯ ಟೋಪಿ ಸೇರಿತು. ಮರುದಿನ ಬೆಳಿಗ್ಗೆ ಅವನು ವಾಪಸು ಕೇಳಿದ, ಕೊಟ್ಟೆ.

ಆಮೇಲೆ ಹುಚ್ಚು ಹಿಡಿಯಿತು. ದೊಡ್ಡಜ್ಜನ ಗಾಂಧಿ ಟೋಪಿ ಬಂತು, ಯಾರದೋ ಕಪ್ಪು ಟೋಪಿ ಬಂತು, ನೆಂಟರು ಅಟ್ಟ ಗುಡಿಸಿದಾಗೆಲ್ಲ ಒಂದೊಂದು ಬಂತು. ತಳಂಗರೆಯ ಕೈಹೊಲಿಗೆಯ ಬಿಳಿ ಟೋಪಿಯೊಂದನ್ನು ಬ್ಯಾರಿ ಗೆಳೆಯ ಕೊಡಿಸಿದ. ಅದನ್ನು ಕೈಯಲ್ಲಿ ಹಿಡಿದು ನೋಡಬೇಕು ನೀವು, ಬಿಳಿಯ ಮೇಲೆ ಬಿಳಿ ನೂಲಿನ ಹೊಲಿಗೆ, ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಬೇಗ ಸಿಗುವುದಿಲ್ಲ. ಕೊಲ್ಲಿ ದೇಶದವರೆಗೆ ಹೋದ ಹೆಸರು ಅದರದ್ದು. ನನ್ನ ತಲೆಗೆ ಅಳತೆ ನೋಡಿ ತಂದ ಏಕೈಕ ಟೋಪಿಯೂ ಅದೇ. ಉಳಿದವೆಲ್ಲ ಬೇರೆಯವರ ತಲೆಗೆ ಹುಟ್ಟಿದವು.

ಒಂದು ಬೌಲರ್ ಟೋಪಿಯೂ ಇತ್ತು. ಬೌಲರ್ ಅಂದ ಕೂಡಲೇ ಭಾವ ಕೇಳಿದ, "ಯಾರದ್ದು, ಅನಿಲ್ ಕುಂಬ್ಳೆಯದ್ದಾ?" ಹತ್ತು ಮೈಲಿನಲ್ಲಿ ಕುಂಬಳೆ ಇರುವ ಊರಿನಲ್ಲಿ ಈ ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳುವ ಹಾಗೂ ಇಲ್ಲ. ಇದು 1849ರಲ್ಲಿ ಲಂಡನ್ನಿನಲ್ಲಿ ಬೇಟೆಕಾಡು ಕಾಯುವವರಿಗಾಗಿ ಮಾಡಿಸಿದ ಗಟ್ಟಿ ಗುಂಡು ಟೋಪಿ, ತಗ್ಗಿನ ಕೊಂಬೆ ತಲೆಗೆ ಬಡಿಯಬಾರದು ಅಂತ. ಮಾಡಿಸಿದವನು ಅದನ್ನು ನೆಲಕ್ಕಿಟ್ಟು ಎರಡು ಸಲ ತುಳಿದು ಪರೀಕ್ಷೆ ಮಾಡಿದನಂತೆ, ಏನೂ ಆಗಲಿಲ್ಲವಂತೆ. ಈ ಕಥೆಯನ್ನು ನಾನು ಅಳಿಯನ ಎದುರು ಹೇಳಬಾರದಿತ್ತು. ಹುಡುಗನಿಗೆ ಒಂಬತ್ತು ವರ್ಷ. ಎರಡನೆಯ ಸಲಕ್ಕೆ ಕಾಯಬೇಕಾಗಿ ಬರಲಿಲ್ಲ, ಮೊದಲ ಹಾರಿಗೇ ಟೋಪಿ ಹಲಸಿನ ಹಪ್ಪಳವಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಬೂದು ಬಣ್ಣದ ಫೆಲ್ಟ್ ಟೋಪಿ. ಮುಂಬೈಯ ಚೋರ್ ಬಜಾರಿನಲ್ಲಿ ಕಂಡಿತು. ಮೊಲದ ರೋಮದ ಫೆಲ್ಟು, ಒಳಗೆ ಕಂದು ತೊಗಲಿನ ಪಟ್ಟಿ, ಪಟ್ಟಿಯ ಹಿಂದೆ ಮಾಸಿದ ಚೀಟಿ: 6 7/8. ಮೇಷ್ಟರ ಬುದ್ಧಿ ಎಲ್ಲಿ ಬಿಡುತ್ತದೆ, ಅಲ್ಲೇ ನಿಂತು ಲೆಕ್ಕ ಹಾಕಿದೆ. ಆ ಅಂಕಿ ತಲೆಯ ವ್ಯಾಸ, ಇಂಚಿನಲ್ಲಿ. 3.14ರಿಂದ ಗುಣಿಸಿದರೆ ಸುತ್ತಳತೆ ಇಪ್ಪತ್ತೊಂದೂವರೆ ಇಂಚು ಚಿಲ್ಲರೆ, ಹೆಚ್ಚುಕಡಿಮೆ 55 ಸೆಂಟಿಮೀಟರ್. ನನಗೆ ನಾಲ್ಕು ಸೆಂಟಿಮೀಟರ್ ಕಮ್ಮಿ. ಲೆಕ್ಕ ಸರಿಯಾಗಿಯೇ ಬಂತು, ಆದರೂ ಕೊಂಡೆ. ಗಣಿತ ಗೊತ್ತಿರುವುದಕ್ಕೂ ಬುದ್ಧಿ ಇರುವುದಕ್ಕೂ ಸಂಬಂಧವಿಲ್ಲ.

ಫೆಲ್ಟಿಗೆ ಹಬೆ ಕೊಟ್ಟರೆ ಮೆತ್ತಗಾಗುತ್ತದೆ, ಆಗ ಹಿಗ್ಗಿಸಬಹುದು. ನಮ್ಮ ಮನೆಯಲ್ಲಿ ಹಬೆ ಎಂದರೆ ಅಟ್ಟಿನಳಗೆ. ಹೆಂಡತಿ ಪಕ್ಕದ ಮನೆಗೆ ಹೋದ ಹೊತ್ತು ನೋಡಿ, ಬೆಳಿಗ್ಗೆ ಕೊಟ್ಟಿಗೆ ಕಡುಬು ಬೇಯಿಸಿದ ಅಟ್ಟಿನಳಗೆಯನ್ನೇ ಒಲೆಗಿಟ್ಟು ಟೋಪಿಗೆ ಹಬೆ ಹಿಡಿದೆ. ಎಳೆದು ಕೂರಿಸಲಿಕ್ಕೆ ತಲೆಯ ಆಕಾರದ್ದೇನಾದರೂ ಬೇಕಲ್ಲ, ಅದಕ್ಕೆ ಹಿಂದಿನ ದಿನವೇ ತಯಾರಿ ಆಗಿತ್ತು. ತರಕಾರಿ ಅಂಗಡಿಯಲ್ಲಿ ಟೇಪು ಹಿಡಿದು ಒಂದೊಂದೇ ಕುಂಬಳಕಾಯಿಯ ಸೊಂಟ ಅಳೆಯುತ್ತಿದ್ದಾಗ ಅಂಗಡಿಯವನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಮಲಯಾಳದಲ್ಲಿ ಮೆಲ್ಲಗೆ ಕೇಳಿದ, "ಮಾಷೇ, ಕುಪ್ಪಾಯಂ ತಯ್ಕ್ಕಾನಾ?" ಅಂಗಿ ಹೊಲಿಸಲಿಕ್ಕಾ ಅಂತ. ನಾನು ಗಾಂಭೀರ್ಯ ಬಿಡದೆ 59ರದ್ದನ್ನು ಆರಿಸಿ ತೂಕಕ್ಕಿಟ್ಟೆ.

ಹಬೆಯಾಡುವ ಟೋಪಿಯನ್ನು ಕುಂಬಳಕಾಯಿಗೆ ತೊಡಿಸಿ, ದಾರ ಬಿಗಿದು, ಗಾಳಿ ಆಡಲಿ ಅಂತ ಜಗಲಿಯ ಕಟ್ಟೆಯ ಮೇಲೆ ಇಟ್ಟೆ. ಎರಡು ದಿನ ಹಾಗೇ ಇತ್ತು. ನೋಡಲಿಕ್ಕೆ, ನಿಜ ಹೇಳುತ್ತೇನೆ, ನನಗಿಂತ ಚೆನ್ನಾಗಿ ಒಪ್ಪುತ್ತಿತ್ತು. ಹಾಲಿಗೆ ಬಂದ ಪಕ್ಕದ ಮನೆಯವರು ದೂರದಿಂದ "ನಮಸ್ಕಾರ" ಅಂದರು. ಉತ್ತರ ಬರದಿದ್ದಾಗ ಹತ್ತಿರ ಬಂದು ನೋಡಿ, ನಮ್ಮ ಅಡುಗೆಮನೆಗೆ ಹೋಗಿ ಹೇಳಿದರಂತೆ, "ಬೆರ್ಚಪ್ಪ ಒಳ್ಳೆದಾಗಿದೆ. ಗದ್ದೆಗೆ ಯಾವಾಗ ಇಡುವುದು?" ಹೆಂಡತಿಗೆ ಎಲ್ಲ ಗೊತ್ತಾದದ್ದು ಹಾಗೆ.

ನಾನು ಮಾತು ತಿರುಗಿಸಲಿಕ್ಕೆ ಒಂದು ಸ್ವಾರಸ್ಯದ ವಿಷಯ ಹೇಳಿದೆ. ಹಿಂದಿನ ಕಾಲದಲ್ಲಿ ಈ ರೋಮವನ್ನು ಫೆಲ್ಟು ಮಾಡಲು ಪಾದರಸದ ಲವಣ ಹಾಕುತ್ತಿದ್ದರು, ಅದರ ಹೊಗೆ ಕುಡಿದು ಟೋಪಿ ಮಾಡುವವರ ಕೈ ನಡುಗಿ ಮಂಡೆಯೇ ಕೆಡುತ್ತಿತ್ತು, ಅಮೆರಿಕದಲ್ಲಿ ಅದು ನಿಂತದ್ದು 1941ರಲ್ಲಿ ಅಂತ.

ಅವಳು ಎರಡು ಪ್ರಶ್ನೆ ಕೇಳಿದಳು. "ಹಾಕಿಕೊಳ್ಳುವವರಿಗೂ ಹಾಗೇ ಆಗುತ್ತದಾ?" ಇದು ಒಂದು. "ನೀವು ಹಬೆ ಹಿಡಿದದ್ದು ಯಾವುದರಲ್ಲಿ?" ಇದು ಎರಡು. ಆ ಅಟ್ಟಿನಳಗೆ ಆವತ್ತೇ ದನದ ಹಟ್ಟಿಗೆ ಹೋಯಿತು, ಹೊಸದು ನಾನು ತಂದುಕೊಟ್ಟೆ. ಟೋಪಿಗಿಂತ ಅದಕ್ಕೇ ಕ್ರಯ ಹೆಚ್ಚು.

ಆದರೆ ಟೋಪಿ ಸಮ ಆಯಿತು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಒಲೆಯ ಮೇಲಿನ ಅಟ್ಟದಲ್ಲಿಟ್ಟು, ಒಂದಿಷ್ಟು ಹೊಗೆವಾಸನೆ ಬಂದದ್ದು ಬಿಟ್ಟರೆ ಕುಂದಿಲ್ಲ. ಮುಳ್ಳೇರಿಯದ ಒಂದು ಮದುವೆಗೆ ಹಾಕಿಕೊಂಡು ಹೊರಟೆ. ಪಂಚೆ, ಶಲ್ಯ, ಫೆಲ್ಟ್ ಟೋಪಿ. ಹೆಂಡತಿ ಬಸ್ಸಿನಲ್ಲಿ ಎರಡು ಸೀಟು ಹಿಂದೆ ಕುಳಿತಳು. ಸಭಾಂಗಣದೊಳಗೆ ತಲೆಯಲ್ಲಿ ಇರಕೂಡದು ಎಂಬ ಕರಾರು ಮೊದಲೇ ಆಗಿತ್ತು.

ಫೆಲ್ಟ್ ಟೋಪಿಯನ್ನು ಅಂಚಿನ ಮೇಲೆ ಕೂರಿಸಬಾರದು, ಅಂಚು ಚಪ್ಪಟೆಯಾಗಿ ಹೋಗುತ್ತದೆ. ಬುರುಡೆ ಕೆಳಗೆ ಮಾಡಿ ಅಂಗಾತ ಇಡಬೇಕು. ಶಾಸ್ತ್ರಪ್ರಕಾರ ಹಾಗೇ ಇಟ್ಟೆ. ಜಾಗ ಮಾತ್ರ ಬಾಗಿಲಿನ ಹತ್ತಿರದ ಮೇಜಿನ ಮೂಲೆ. ಪನ್ನೀರು, ಕಲ್ಲುಸಕ್ಕರೆ ಇಟ್ಟುಕೊಂಡು ಇಬ್ಬರು ಹುಡುಗರು ಉಡುಗೊರೆ ಬರೆದುಕೊಳ್ಳುತ್ತಿದ್ದ ಮೇಜು. ಮೊದಲ ಹಂತಿಗೆ ಕರೆದರು, ಹೋದೆ. ಹೋಳಿಗೆಗೆ ಕಾಯಿಹಾಲು ಎರಡೆರಡು ಸಲ ಬಡಿಸಿಕೊಂಡು ಕೈ ತೊಳೆದು ಬಂದರೆ ಟೋಪಿ ಇಲ್ಲ. ಮೇಜೂ ಇಲ್ಲ. ಕುರ್ಚಿಗಳ ಅಡಿ, ಪಾತ್ರೆ ತೊಳೆಯುವ ಜಾಗ, ಬಾಳೆಎಲೆ ಬಿಸಾಡುವ ಹೊಂಡದವರೆಗೂ ಹುಡುಕಿದೆ. ಹೆಂಡತಿಯೂ ಹುಡುಕಿದಳು, ಬಹಳ ಶ್ರದ್ಧೆಯಿಂದ ಏನಲ್ಲ.

ರಾತ್ರಿ ಒಂಬತ್ತಕ್ಕೆ ಮದುಮಗನ ಚಿಕ್ಕಪ್ಪನ ಫೋನು.

"ಮಾಷ್ಟ್ರೇ, ಉಡುಗೊರೆ ಪಟ್ಟಿ ಬರೆಯುತ್ತಾ ಇದ್ದೇವೆ. ಒಂದು ಟೋಪಿಯೊಳಗೆ ಹನ್ನೊಂದು ಕವರು ಉಂಟು, ಟೋಪಿ ಕೊಟ್ಟವರ ಹೆಸರಿಲ್ಲ. ಕವರಿನಲ್ಲಿ ಒಂದು ನಿಮ್ಮದು, ಹಾಗೆ ನಿಮಗೆ ಗೊತ್ತುಂಟಾ ಅಂತ ಕೇಳಿದ್ದು."

ನಾನು ಫೋನಿಗೆ ಕೈ ಅಡ್ಡ ಹಿಡಿದು ಹೆಂಡತಿಯ ಮುಖ ನೋಡಿದೆ.

"ಎಲ್ಲರೂ ಅದರಲ್ಲೇ ಹಾಕುತ್ತಾ ಇದ್ದರು, ನಾನೂ ಹಾಕಿದೆ," ಎಂದಳು. "ಅಂಗಾತ ಇದ್ದರೆ ಅದು ಟೋಪಿ ಅಂತ ಯಾರಿಗೆ ಗೊತ್ತಾಗುತ್ತದೆ?"

ಆಚೆಯಿಂದ ಚಿಕ್ಕಪ್ಪ ಮುಂದುವರಿಸುತ್ತಿದ್ದರು. ಹುಡುಗ ಹಾಕಿ ನೋಡಿದ, ತಲೆಗೆ ಅಳತೆ ತೆಗೆದು ಮಾಡಿಸಿದ ಹಾಗೆ ಸಮ ಆಗಿದೆ, ಬೆಂಗಳೂರಿಗೆ ಕೊಂಡುಹೋಗುತ್ತಾನಂತೆ, ಈಗಲೇ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದಾನೆ. ಅವನ ತಲೆಯೂ ಕುಂಬಳಕಾಯಿ ಅಳತೆಯದ್ದೇ ಇರಬೇಕು.

"ನಾವೇ ಕೊಟ್ಟದ್ದು," ಎಂದೆ.

"ಓಹೋ, ಕವರೂ ಟೋಪಿಯೂ! ಯಾಕೆ ಮಾಷ್ಟ್ರೇ ಇಷ್ಟೆಲ್ಲ!" ಎಂದು ಅವರು ಬಹಳ ಸಂತೋಷದಲ್ಲಿ ಫೋನು ಇಟ್ಟರು.

ಹೆಂಡತಿ ಮಜ್ಜಿಗೆಗೆ ಉಪ್ಪು ಹಾಕುತ್ತಿದ್ದವಳು ಚಮಚ ನಿಲ್ಲಿಸಿದಳು. "ಕವರಿನಲ್ಲಿ ಐನೂರ ಒಂದು ರೂಪಾಯಿ ಇತ್ತು. ಟೋಪಿ ನಮ್ಮದು ಅಂತ ಹೇಳುವಾಗ ಕವರು ನಮ್ಮದಲ್ಲ ಅಂತ ಹೇಳಲಿಕ್ಕೆ ನಿಮಗೆ ಏನಾಗಿತ್ತು?"