ಜಿಮ್ ಬ್ರೌನ್ ಲೆಕ್ಕದಲ್ಲಿ ಚಂದ್ರ, ಕುಂಬ್ಳೆ

ಅಮೆರಿಕದ ಕ್ಲೀವ್‌ಲ್ಯಾಂಡ್ ಕಡೆಯ ಹಿರಿಯರೊಬ್ಬರನ್ನು ಹಿಡಿದು "ಅಮೆರಿಕನ್ ಫುಟ್‌ಬಾಲಿನಲ್ಲಿ ಇದುವರೆಗೂ ಯಾರು ದೊಡ್ಡವರು?" ಅಂತ ಕೇಳಿ ನೋಡಿ. ಥಟ್ಟನೆ ಜಿಮ್ ಬ್ರೌನ್ ಹೆಸರು ಬರುತ್ತದೆ ಅಂದುಕೊಂಡಿರುತ್ತೀರಿ. ಆ ಊರಿನ ಮನೆದೇವರು ಅವರೇ ತಾನೆ, ಸ್ಟೇಡಿಯಮ್ಮಿನ ಹೊರಗೆ ಕಂಚಿನ ಪ್ರತಿಮೆ ಬೇರೆ. ಆದರೆ ಬರುವುದು ಎದುರು ಪ್ರಶ್ನೆ: "ಯಾವ ಪೊಸಿಷನ್? 78ಕ್ಕೆ ಮುಂಚೆಯೋ, ಆಮೇಲೋ?"

ಇದೇ ಊರಿನ ಕನ್ನಡ ಕೂಟದ ಊಟದ ಸಾಲಿನಲ್ಲಿ, ನಮ್ಮ ಲೆಗ್‌ಸ್ಪಿನ್ನರುಗಳಲ್ಲಿ ಯಾರು ದೊಡ್ಡವರು, ಚಂದ್ರನೋ (ಬಿ.ಎಸ್. ಚಂದ್ರಶೇಖರ್) ಕುಂಬ್ಳೆಯೋ ಅಂತ ಮಾತೆದ್ದರೆ ಬಿಸಿಬೇಳೆಬಾತ್ ಆರುವ ಮೊದಲೇ ತೀರ್ಪು. "ಕುಂಬ್ಳೆ ಬಾಲು ತಿರುಗ್ತಾನೇ ಇರ್ಲಿಲ್ಲ ಬಿಡಿ ಸಾರ್." "ಹೋಗ್ಲಿ, ಚಂದ್ರ ಎಲ್ಲಿ ಹಾಕ್ತಾರೆ ಅಂತ ಅವರಿಗಾದ್ರೂ ಗೊತ್ತಿತ್ತಾ?" ಒಬ್ಬರನ್ನು ಎತ್ತಬೇಕಾದರೆ ಇನ್ನೊಬ್ಬರನ್ನು ಇಳಿಸಲೇಬೇಕು. ಈ ವಾದಕ್ಕೆ ಪೆನ್ನು, ಕಾಗದ ಯಾಕೆ ಬೇಕು ಅಂತ ಯಾರಿಗೂ ಅನ್ನಿಸಿದ್ದಿಲ್ಲ.

ಇಲ್ಲಿಯವರು ಹೇಗೆ ಅಳೆಯುತ್ತಾರೆ ನೋಡಿ. ಬ್ರೌನ್ ಆಡಿದ್ದು 1957ರಿಂದ 1965ರವರೆಗೆ, ಒಂಬತ್ತೇ ಸೀಸನ್. 118 ಪಂದ್ಯ, ಒಂದನ್ನೂ ತಪ್ಪಿಸಿಕೊಂಡವರಲ್ಲ. ಚೆಂಡು ಹಿಡಿದು ಓಡಿದ್ದು 12,312 ಗಜ. ಒಟ್ಟು ಗಜಗಳ ಪಟ್ಟಿಯಲ್ಲಿ ತುದಿಗಿರುವವರು ಎಮಿಟ್ ಸ್ಮಿತ್, 18,355. ನಮ್ಮಲ್ಲಾಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಅಲ್ಲಿಂದ ಶುರು. ಸ್ಮಿತ್ ಆಡಿದ್ದು 226 ಪಂದ್ಯ, ಅಂದರೆ ಪಂದ್ಯಕ್ಕೆ 81 ಗಜ, ಬ್ರೌನ್ 104. ಬ್ರೌನ್ ಶುರುಮಾಡಿದಾಗ ಸೀಸನ್ನಿಗೆ 12 ಪಂದ್ಯ, 1961ರಿಂದ 14, 1978ರಿಂದ 16, 2021ರಿಂದ 17. ಅಳತೆಗೋಲೇ ಉದ್ದವಾಗುತ್ತಾ ಬಂದಿರುವಾಗ ಬರೀ ಮೊತ್ತಕ್ಕೆ ಏನು ಬೆಲೆ?

ಹಾಗಂತ ಗುಣಾಕಾರ ಮಾಡಿಬಿಟ್ಟರೂ ಎಡವಟ್ಟೇ. 1963ರಲ್ಲಿ ಬ್ರೌನ್ 14 ಪಂದ್ಯದಲ್ಲಿ 1,863 ಗಜ ಓಡಿದರು. ಅದನ್ನು 17ಕ್ಕೆ ಹಿಗ್ಗಿಸಿದರೆ 2,262. 1984ರಲ್ಲಿ ಎರಿಕ್ ಡಿಕರ್ಸನ್ 16 ಪಂದ್ಯದಲ್ಲಿ ಮಾಡಿದ 2,105 ಅದರ ಮುಂದೆ ಕಮ್ಮಿ. ಆದರೆ ಮೂರು ಪಂದ್ಯ ಹೆಚ್ಚು ಅಂದರೆ ಮೂರು ವಾರದ ಪೆಟ್ಟೂ ಹೆಚ್ಚು, ಮೊಣಕಾಲಿಗೆ ಮಗ್ಗಿ ಬರುವುದಿಲ್ಲ. ಅದಕ್ಕೇ ತಿಳಿದವರು ಅದೇ ವರ್ಷದ ಎರಡನೆಯವನನ್ನು ಪಕ್ಕದಲ್ಲಿ ನಿಲ್ಲಿಸುತ್ತಾರೆ. 1963ರಲ್ಲಿ ಎರಡನೆಯವರು ಜಿಮ್ ಟೇಲರ್, 1,018. ಬ್ರೌನ್ ಅವರಿಗಿಂತ ನೂರಕ್ಕೆ 83 ಹೆಚ್ಚು. 1984ರಲ್ಲಿ ಡಿಕರ್ಸನ್ ಹಿಂದೆ ಇದ್ದವರು ವಾಲ್ಟರ್ ಪೇಟನ್, 1,684. ಅಂತರ ನೂರಕ್ಕೆ 25. ಇಬ್ಬರೂ ತಮ್ಮ ಕಾಲದ ಮೈದಾನ, ತಮ್ಮ ಕಾಲದ ನಿಯಮ, ತಮ್ಮ ಕಾಲದ ಎದುರಾಳಿಗಳ ನಡುವೆಯೇ ತೂಗಿಸಿಕೊಂಡ ಹಾಗಾಯಿತು. ಪೇಟನ್ ಎಂಥವರು, ಟೇಲರ್ ಎಂಥವರು ಅನ್ನುವ ತಕರಾರು ಉಳಿಯುತ್ತದೆ, ಉಳಿಯಲಿ. ಜಗಳ ಕಾಲುಭಾಗಕ್ಕೆ ಇಳಿದಿದೆಯಲ್ಲ.

ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ವಿಷಯಕ್ಕೆ ಬಂದರೆ ಇನ್ನೂ ಸೂಕ್ಷ್ಮ. ಆ "78" ಇಲ್ಲೇ ಬರುವುದು. 1974ಕ್ಕೆ ಮುಂಚೆ, ಎಸೆದದ್ದನ್ನು ಹಿಡಿಯುವ ರಿಸೀವರ್ ಎಷ್ಟು ದೂರ ಓಡಿದರೂ, ಚೆಂಡು ಗಾಳಿಗೆ ಬರುವ ತನಕ ಡಿಫೆಂಡರ್ ಅವನನ್ನು ನೂಕುತ್ತಲೇ ಹೋಗಬಹುದಿತ್ತು. ಆಮೇಲೆ ಅದಕ್ಕೆ ಸ್ವಲ್ಪ ಸ್ವಲ್ಪವೇ ಕಡಿವಾಣ ಬಿತ್ತು. 1978ರಿಂದ ಐದು ಗಜ ದಾಟಿದ ಮೇಲೆ ಮುಟ್ಟುವ ಹಾಗಿಲ್ಲ. ಜೊತೆಗೆ ಕ್ವಾರ್ಟರ್‌ಬ್ಯಾಕನ್ನು ಕಾಯುವ ಲೈನ್‌ಮನ್‌ಗಳಿಗೆ ಕೈ ಚಾಚಿ, ಅಂಗೈ ಬಿಚ್ಚಿ ತಡೆಯುವ ಅನುಮತಿ. ಒಂದೇ ಏಟಿಗೆ ಎಸೆಯುವವನಿಗೆ ಹೊತ್ತು ಸಿಕ್ಕಿತು, ಹಿಡಿಯುವವನಿಗೆ ದಾರಿ ಸಿಕ್ಕಿತು.

ಈಗ ಕ್ವಾರ್ಟರ್‌ಬ್ಯಾಕನ್ನು ಅಳೆಯುವ ಪಾಸರ್ ರೇಟಿಂಗ್ ಬಿಚ್ಚಿ ನೋಡಿ. 1973ರಲ್ಲಿ ಬಂದ ಸೂತ್ರ, ನಾಲ್ಕು ತುಂಡು: ಗುರಿ ಮುಟ್ಟಿದ ಎಸೆತಗಳ ಶೇಕಡಾವಾರು, ಎಸೆತಕ್ಕೆ ಎಷ್ಟು ಗಜ, ಟಚ್‌ಡೌನ್ (ಕೊನೆಗೆರೆ ದಾಟಿಸಿ ಗಳಿಸುವ ಅಂಕ) ಶೇಕಡಾವಾರು, ಎದುರಾಳಿ ಕೈಸೇರಿದ್ದರ ಶೇಕಡಾವಾರು. ಒಂದೊಂದಕ್ಕೂ ಗರಿಷ್ಠ 2.375, ಕೂಡಿಸಿ, ಆರರಿಂದ ಭಾಗಿಸಿ, ನೂರರಿಂದ ಗುಣಿಸಬೇಕು. 1959ರಲ್ಲಿ ಕ್ವಾರ್ಟರ್‌ಬ್ಯಾಕ್ ಜಾನಿ ಯುನೈಟಸ್ 367 ಸಲ ಎಸೆದು 193 ಮುಟ್ಟಿಸಿದರು, 2,899 ಗಜ, 32 ಟಚ್‌ಡೌನ್, ಕಳೆದುಕೊಂಡದ್ದು 14. ತುಂಡುಗಳು ಕ್ರಮವಾಗಿ 1.13, 1.22, 1.74, 1.42, ರೇಟಿಂಗ್ 92. ಎಲ್ಲಕ್ಕಿಂತ ಬಡಕಲು ಮೊದಲನೇ ತುಂಡು. ನೂರಕ್ಕೆ 52.6 ಮುಟ್ಟಿಸುವವನಿಗೆ ಇವತ್ತು ಬೆಂಚೇ ಗತಿ, ಆದರೆ ದಾರಿಯುದ್ದಕ್ಕೂ ನೂಕಿಸಿಕೊಳ್ಳುತ್ತಿದ್ದ ರಿಸೀವರುಗಳ ಕಾಲದಲ್ಲಿ ಅದು ಸಾಧಾರಣವೇನಲ್ಲ. ಟಾಮ್ ಬ್ರೇಡಿ 97.2, ಯುನೈಟಸ್ 78.2 ಅಂತ ಇಡೀ ವೃತ್ತಿಜೀವನದ ಅಂಕಿ ಎರಡನ್ನೂ ಅಕ್ಕಪಕ್ಕ ಇಟ್ಟು ನಗುವವರಿಗೆ ಈ ತುಂಡು ಬಿಚ್ಚುವ ಅಭ್ಯಾಸ ಇಲ್ಲ ಅಂತಲೇ ಅರ್ಥ.

ಸ್ಯಾಕ್, ಅಂದರೆ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು, ಅದರ ಕಥೆಯಂತೂ ಎರಡೂ ಕಡೆ ಹರಿತ. ಅದನ್ನು ಅಧಿಕೃತವಾಗಿ ಎಣಿಸಲು ಶುರುಮಾಡಿದ್ದೇ 1982ರಲ್ಲಿ. ಆ ಪದವನ್ನೇ ಬಳಕೆಗೆ ತಂದ ಡಿಫೆಂಡರ್ ಡೀಕನ್ ಜೋನ್ಸ್ 1974ಕ್ಕೇ ಆಟ ಮುಗಿಸಿದ್ದರಿಂದ ಅಧಿಕೃತ ಪುಸ್ತಕದಲ್ಲಿ ಅವರ ಲೆಕ್ಕ ಸೊನ್ನೆ. ಅನ್ಯಾಯ ಅಂತ ಕೂಗುವ ಮುಂಚೆ ಇನ್ನೊಂದು ಬದಿ: ಜೋನ್ಸ್ ಅವರ ಅಸ್ತ್ರ ಎದುರಿನವನ ಹೆಲ್ಮೆಟ್ಟಿಗೆ ಅಂಗೈಯಿಂದ ಬೀಸಿ ಹೊಡೆಯುವುದು. 1977ರಿಂದ ಅದು ನಿಷಿದ್ಧ. ಹಳಬರಿಗೆ ಕೊಡಬೇಕಾದ್ದನ್ನು ಕೊಡಿ, ಕಳೆಯಬೇಕಾದ್ದನ್ನೂ ಕಳೆಯಿರಿ.

ರಿಸೀವರ್ ಜಾಗಕ್ಕೆ ಹೆಚ್ಚು ಮಾತು ಬೇಡ. ಜೆರ್ರಿ ರೈಸ್ 22,895 ಗಜ, ಎರಡನೆಯವರು ಲ್ಯಾರಿ ಫಿಟ್ಜ್‌ಜೆರಾಲ್ಡ್ 17,492. ಸಾಕು.

ಇದೇ ತಕ್ಕಡಿಗೆ ನಮ್ಮವರಿಬ್ಬರನ್ನು ಹಾಕಿ. ಕುಂಬ್ಳೆ 132 ಟೆಸ್ಟ್, 619 ವಿಕೆಟ್. ಚಂದ್ರಶೇಖರ್ 58 ಟೆಸ್ಟ್, 242. ಮೊತ್ತ ಬಿಡಿ. ಒಂದು ವಿಕೆಟ್ಟಿಗೆ ಎಷ್ಟು ಎಸೆತ? ಕುಂಬ್ಳೆ 66. ಚಂದ್ರ? ಅವರೂ 66. ವಿಕೆಟ್ಟಿಗೆ ಕೊಟ್ಟ ರನ್ 29.65 ಮತ್ತು 29.74. ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು ಒಂಬತ್ತು ಪೈಸೆಗೆ! ಇದರ ಮೇಲೆ ಕಾಲದ ಲೆಕ್ಕ ಬೇಕಾದರೆ ಹಾಕಿ. ಚಂದ್ರ ವಿಕೆಟ್ ಹಂಚಿಕೊಂಡದ್ದು ಪ್ರಸನ್ನ, ಬೇಡಿ, ವೆಂಕಟರಾಘವನ್ ಜೊತೆ. ಕುಂಬ್ಳೆಗೆ ಡಿಆರ್‌ಎಸ್ (ಅಂಪೈರ್ ತೀರ್ಪಿನ ಮರುಪರಿಶೀಲನೆ) ಸಿಕ್ಕಿದ್ದು ಕಡೆಗಾಲದಲ್ಲಿ, ಚಂದ್ರನಿಗೆ ಅದೂ ಇಲ್ಲ. ಇದನ್ನೆಲ್ಲ ಕೂತು ಮಾತಾಡುವುದು ಬಿಟ್ಟು "ತಿರುಗ್ತಾನೇ ಇರ್ಲಿಲ್ಲ" ಅಂದರೆ ಅದೆಂಥ ವಾದ ಗುರೂ?

ಇಲ್ಲಿಯವರದೂ ಪೂರ್ತಿ ಸಾಚಾ ಅಲ್ಲ ಅನ್ನುವುದನ್ನು, ಮನಸ್ಸಿಲ್ಲದಿದ್ದರೂ, ಒಪ್ಪಬೇಕು. ಬ್ರೇಡಿಯ ಏಳು ಸೂಪರ್ ಬೌಲ್ (ಲೀಗಿನ ಫೈನಲ್) ಉಂಗುರ ಎಣಿಸಿ ಎದ್ದುಹೋಗುವವರೇ ಬಹಳ ಮಂದಿ. ಇದೇ ಕ್ಲೀವ್‌ಲ್ಯಾಂಡಿನ ಕ್ವಾರ್ಟರ್‌ಬ್ಯಾಕ್ ಆಟೊ ಗ್ರಹಾಂ ಹತ್ತು ಸೀಸನ್ನಿನಲ್ಲಿ ಹತ್ತೂ ಸಲ ಫೈನಲ್ ತಲುಪಿ ಏಳು ಗೆದ್ದಿದ್ದರು. ಆಗ ಸೂಪರ್ ಬೌಲ್ ಇರಲಿಲ್ಲ, ಏಳರಲ್ಲಿ ನಾಲ್ಕು ಬೇರೆ ಲೀಗಿನವು, ಹಾಗಾಗಿ ಉಂಗುರದವರ ಬಾಯಲ್ಲಿ ಆ ಹೆಸರೇ ಇಲ್ಲ. ಬ್ರೌನ್ ಓಡಲು ದಾರಿ ತೆರೆಯುತ್ತಿದ್ದ ಲೈನ್‌ಮನ್ ಜೀನ್ ಹಿಕರ್ಸನ್ ಹೆಸರಿನಲ್ಲಿ ಗಜ ಬರೆಯಲು ಕಾಲಮ್ಮೇ ಇಲ್ಲ. 1973ಕ್ಕೆ ಆಟ ಬಿಟ್ಟ ಹಿಕರ್ಸನ್‌ಗೆ ಕ್ಯಾಂಟನ್ನಿನಲ್ಲಿರುವ, ಫುಟ್‌ಬಾಲಿನ ದಿಗ್ಗಜರ ಹಾಲ್ ಆಫ್ ಫೇಮ್ ಬಾಗಿಲು ತೆರೆದದ್ದು 2007ರಲ್ಲಿ. ಟ್ಯಾಕಲ್ ಆದ ಮೇಲೆ ಬ್ರೌನ್ ಪ್ರತಿ ಸಲವೂ ಬೇಕೆಂತಲೇ ನಿಧಾನವಾಗಿ ಏಳುತ್ತಿದ್ದರು, ನಿಜವಾಗಿ ಪೆಟ್ಟಾದಾಗ ಎದುರಾಳಿಗೆ ಗೊತ್ತಾಗದಿರಲಿ ಅಂತ. ಅದನ್ನು ಯಾವ ಸೂತ್ರಕ್ಕೆ ಹಾಕುತ್ತೀರಿ?

ಊಟದ ಸಾಲಿನ ನಮ್ಮವರು ಇಂಥದ್ದರಲ್ಲಿ ಗಟ್ಟಿ. 1975ರ ಜನವರಿ, ಚೆಪಾಕ್, ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್‌ಗೆ ಏಳು ವಿಕೆಟ್, ಭಾರತ 190ಕ್ಕೆ ಆಲೌಟ್, ಅದರಲ್ಲಿ ವಿಶ್ವನಾಥ್ 97 ನಾಟೌಟ್. ಶತಕಗಳ ಪಟ್ಟಿ ತಿರುವಿ ಹಾಕಿದರೆ ಆ ಇನಿಂಗ್ಸ್ ಸಿಗುವುದೇ ಇಲ್ಲ. ಕೂಟದಲ್ಲಿ ಕೇಳಿ, ಆ ಸ್ಕ್ವೇರ್ ಕಟ್ಟನ್ನು ಸೌಟು ಹಿಡಿದೇ ಆಡಿ ತೋರಿಸುತ್ತಾರೆ. ಇನ್ನೂ ಮೂರು ರನ್ ಬೇಕಿದ್ದಾಗ ಇನ್ನೊಂದು ತುದಿಯಲ್ಲಿ ಔಟಾದವರು ಚಂದ್ರ ಅನ್ನುವುದನ್ನೂ ಬಿಡುವುದಿಲ್ಲ.