ಪರ–ವಿರೋಧ: ರೋಲ್‌ಪ್ಲೇನಲ್ಲಿ ಆಟದ ಲೆಕ್ಕವೇ ಅಂತಿಮವಾಗಬೇಕೇ?

ಆನ್‌ಲೈನ್ ಫ್ಯಾಂಟಸಿ ಆಟಗಳಲ್ಲಿ ಒಂದು ಪಾತ್ರವನ್ನು ಕಟ್ಟಿಕೊಂಡು, ಅದರ ಮಾತು, ಸ್ವಭಾವ ಮತ್ತು ಹಿನ್ನೆಲೆಗೆ ಬದ್ಧರಾಗಿ ಆಡುವವರ, ಅಂದರೆ ರೋಲ್‌ಪ್ಲೇ ಮಾಡುವವರ, ನಡುವೆ ಪದೇ ಪದೇ ಏಳುವ ಪ್ರಶ್ನೆ ಇದು. ಕಥೆ ಒಂದು ಹೇಳಿ ಆಟದ ಲೆಕ್ಕ ಇನ್ನೊಂದು ಹೇಳಿದರೆ ಯಾವುದು ನಿಲ್ಲಬೇಕು? ಇಬ್ಬರು ಆಟಗಾರರು ಒಂದೊಂದು ಪಕ್ಷ ವಹಿಸಿ ಬರೆದಿದ್ದಾರೆ.

ಪರ: ಸರ್ವರ್‌ಗೆ ಗೆಳೆಯರಿಲ್ಲ

ಸಾವಿರಾರು ಮಂದಿ ಅಪರಿಚಿತರು ಒಂದೇ ಲೋಕದಲ್ಲಿ ಓಡಾಡಬೇಕಾದರೆ ಅವರೆಲ್ಲರಿಗೂ ಸಮಾನವಾಗಿ ಅನ್ವಯಿಸುವ ಏನಾದರೊಂದು ಇರಲೇಬೇಕು. ಆನ್‌ಲೈನ್ ಆಟದಲ್ಲಿ ಅದು ಆಟವನ್ನು ನಡೆಸುವ ಕಂಪ್ಯೂಟರ್, ಅಂದರೆ ಸರ್ವರ್, ಹಾಕುವ ಲೆಕ್ಕ: ಯಾರ ಹೊಡೆತ ತಾಗಿತು, ಎಷ್ಟು ಹಿಟ್ ಪಾಯಿಂಟ್ (ಪಾತ್ರ ಬದುಕುಳಿಯುವ ಬಲದ ಅಂಕಿ) ಹೋಯಿತು, ಯಾರ ಮಂತ್ರಕ್ಕೆ ಮಾನಾ (ಮಂತ್ರ ಹಾಕಲು ಬೇಕಾದ ಶಕ್ತಿ) ಸಾಲಲಿಲ್ಲ, ಕೊನೆಗೆ ಯಾರು ನೆಲಕ್ಕೆ ಬಿದ್ದರು. ಈ ಲೆಕ್ಕವನ್ನು ಬದಿಗೆ ಸರಿಸಿ ‘ನನ್ನ ಪಾತ್ರ ನಿಜವಾಗಿ ಹೀಗೆ ಸೋಲುವಂಥದ್ದಲ್ಲ’ ಎಂದು ವಾದಕ್ಕೆ ನಿಲ್ಲುವುದನ್ನು ರೋಲ್‌ಪ್ಲೇ ಎಂದು ಕರೆಯಲು ನಾನು ಸಿದ್ಧಳಿಲ್ಲ. ಅದು ಸೋಲೊಪ್ಪದವರ ಹಠ.

ಹಿಟ್ ಪಾಯಿಂಟ್ ಎಂಬುದೇ ಕೃತಕವಾದದ್ದು ಎನ್ನುವವರು ಅದರ ಹುಟ್ಟನ್ನು ಒಮ್ಮೆ ನೋಡಬೇಕು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಮೇಜಿನ ಸುತ್ತ ಕುಳಿತು ಆಡುವ ಪಾತ್ರದ ಆಟಕ್ಕೆ ಅದು ಬಂದದ್ದು ನೌಕಾಯುದ್ಧದ ಆಟಗಳಿಂದ. ಒಂದು ಹಡಗು ಎಷ್ಟು ಗುಂಡು ತಿಂದೂ ತೇಲಬಲ್ಲದು ಎಂಬ ಲೆಕ್ಕವನ್ನು ಆರ್ನೆಸನ್ ಮನುಷ್ಯರಿಗೂ ರಾಕ್ಷಸರಿಗೂ ಅನ್ವಯಿಸಿದರು. 1979ರಲ್ಲಿ ಆಟ ನಡೆಸುವವರಿಗಾಗಿ ಬರೆದ ಕೈಪಿಡಿಯಲ್ಲಿ ಗೈಗ್ಯಾಕ್ಸ್, ಈ ಅಂಕಿ ಬರೀ ರಕ್ತಮಾಂಸದ ಅಳತೆಯಲ್ಲ, ಯುದ್ಧಕೌಶಲ, ಅದೃಷ್ಟ, ದೈವಬಲ ಎಲ್ಲವೂ ಅದರಲ್ಲಿ ಸೇರಿವೆ ಎಂದು ವಿವರಿಸಿದರು. ಅಂದರೆ ಇನ್ನೂರು ಹಿಟ್ ಪಾಯಿಂಟ್ ಇರುವ ಯೋಧ ಇಪ್ಪತ್ತು ಬಾರಿ ಕತ್ತಿಯೇಟು ತಿಂದೂ ಬದುಕಿದವನಲ್ಲ. ಹತ್ತೊಂಬತ್ತು ಏಟುಗಳನ್ನು ಹೇಗೋ ತಪ್ಪಿಸಿಕೊಂಡು ಇಪ್ಪತ್ತನೆಯದಕ್ಕೆ ಸಿಕ್ಕಿಬಿದ್ದವನು. ಆ ‘ಹೇಗೋ’ ಎಂಬುದನ್ನು ಮಾತಿನಲ್ಲಿ ಬಿಡಿಸಿ ಹೇಳುವುದು ರೋಲ್‌ಪ್ಲೇಯರ್‌ನ ಕೆಲಸ. ಅಂಕಿಯನ್ನು ಅಳಿಸಿಹಾಕುವ ಅಧಿಕಾರ ಯಾರಿಗೂ ಇಲ್ಲ.

ನೈಜತೆಯ ಬೆನ್ನುಹತ್ತಿದವರ ಪಾಡೇನಾಯಿತು ಎಂಬುದಕ್ಕೂ ದಾಖಲೆ ಇದೆ. 1997ರಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ ಆಟದ ವಿನ್ಯಾಸಕರು ಹುಲ್ಲು, ಹುಲ್ಲು ತಿನ್ನುವ ಪ್ರಾಣಿ, ಅದನ್ನು ತಿನ್ನುವ ಪ್ರಾಣಿ ಎಂದು ಇಡೀ ಜೀವಜಾಲವನ್ನೇ ಕಟ್ಟಲು ಹೊರಟಿದ್ದರು. ಆಟಗಾರರು ಒಳಗೆ ಬಂದವರೇ ಕಣ್ಣಿಗೆ ಬಿದ್ದ ಪ್ರಾಣಿಗಳನ್ನೆಲ್ಲ ಅವು ಮರಿ ಹಾಕುವುದಕ್ಕಿಂತ ವೇಗವಾಗಿ ಕೊಂದುಹಾಕಿದ್ದರಿಂದ ಆ ವ್ಯವಸ್ಥೆಯನ್ನು ಕೈಬಿಡಬೇಕಾಯಿತು. ಇಷ್ಟಾದರೂ ನೈಜತೆಯ ಪಕ್ಷದವರಿಗೆ ಸಮಾಧಾನವಿಲ್ಲ. ಅವರ ಮಾತನ್ನು ಕೊನೆಯವರೆಗೂ ಕೇಳುತ್ತ ಹೋದರೆ ನಮ್ಮ ವೀರರು ದಿನಕ್ಕೆ ಮೂರು ಹೊತ್ತು ಉಣ್ಣಬೇಕು, ಕವಚದ ತುಕ್ಕು ಉಜ್ಜಬೇಕು, ಡ್ರ್ಯಾಗನ್ ಅನ್ನು ಕಾಯಲು ಬಿಟ್ಟು ಪೊದೆಯ ಮರೆಗೆ ಹೋಗಿ ಬರಬೇಕು.

ಇನ್ನು, ಲೆಕ್ಕದಿಂದ ಕಥೆ ಹುಟ್ಟುವುದಿಲ್ಲ ಎಂಬುದು ಶುದ್ಧ ತಪ್ಪು ತಿಳಿವಳಿಕೆ. 1997ರ ಆಗಸ್ಟ್‌ನಲ್ಲಿ, ಅದೇ ‘ಅಲ್ಟಿಮಾ ಆನ್‌ಲೈನ್’ ಆಟದ ಪರೀಕ್ಷಾ ಹಂತದಲ್ಲಿ, ಅದರ ಸೃಷ್ಟಿಕರ್ತ ರಿಚರ್ಡ್ ಗ್ಯಾರಿಯಟ್ ತಮ್ಮ ಪಾತ್ರವಾದ ಲಾರ್ಡ್ ಬ್ರಿಟಿಷ್ ಎಂಬ ರಾಜನ ರೂಪದಲ್ಲಿ ಜನರ ಮುಂದೆ ಬಂದರು. ರಾಜನನ್ನು ಯಾರೂ ಕೊಲ್ಲಲಾಗದಂತೆ ಮಾಡುವ ಆಯ್ಕೆಯನ್ನು ಅಂದು ಅವರು ಮತ್ತೆ ಹಾಕಿಕೊಂಡಿರಲಿಲ್ಲ. ಗುಂಪಿನಲ್ಲಿದ್ದ ಆಟಗಾರನೊಬ್ಬ ಬೆಂಕಿಯ ಮಂತ್ರ ಎಸೆದ, ರಾಜ ಸತ್ತ. ಇಂಥ ಸಾವನ್ನು ಯಾವ ರೋಲ್‌ಪ್ಲೇ ಸಮಿತಿಯೂ ಒಪ್ಪುತ್ತಿರಲಿಲ್ಲ, ಆದರೆ ಆನ್‌ಲೈನ್ ಆಟಗಳ ಬಗ್ಗೆ ಬರೆಯುವವರು ಅದನ್ನು ಇಂದಿಗೂ ನೆನೆಯುತ್ತಾರೆ.

2005ರ ಸೆಪ್ಟೆಂಬರ್‌ನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟದಲ್ಲಿ ನಡೆದದ್ದು ಇನ್ನೂ ದೊಡ್ಡದು. ಹಕ್ಕಾರ್ ಎಂಬ ಶತ್ರು ಹರಡುವ ರಕ್ತದ ಸೋಂಕು ಅವನಿರುವ ಝುಲ್‌ಗುರುಬ್‌ನ ಗಡಿಯೊಳಗೇ ಉಳಿಯಬೇಕಿತ್ತು. ಆದರೆ ಸಾಕುಪ್ರಾಣಿಗಳ ಮೈಮೇಲೆ ಕುಳಿತು ಊರುಗಳಿಗೆ ಬಂದಿತು. ಆಟಗಾರರಲ್ಲದ, ಆಟವೇ ನಡೆಸುವ ಅಂಗಡಿಕಾರರಿಗೂ ಅದು ತಗುಲಿತು. ಅವರು ತಾವು ಸಾಯದೆ ಬಂದವರಿಗೆಲ್ಲ ಅಂಟಿಸಿದರು, ಕೆಳ ಲೆವೆಲ್‌ನವರು, ಅಂದರೆ ಇನ್ನೂ ಬಲ ಗಳಿಸದವರು, ಕ್ಷಣಾರ್ಧದಲ್ಲಿ ಉರುಳಿದರು. ಹೀಲರ್‌ಗಳು ಓಡಿಬಂದು ಆರೈಕೆಗೆ ನಿಂತರು, ಕೆಲವರು ಊರು ಬಿಟ್ಟು ಓಡಿದರು, ಕೆಲವರು ಬೇಕೆಂದೇ ಸೋಂಕು ಹಚ್ಚುತ್ತ ತಿರುಗಿದರು. 2007ರಲ್ಲಿ ಸಾಂಕ್ರಾಮಿಕ ರೋಗಗಳ ಅಧ್ಯಯನಕಾರರು ಇದನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ಚರ್ಚಿಸಿದರು. ಇದಕ್ಕಿಂತ ನೈಜವಾದ ರೋಲ್‌ಪ್ಲೇ ಯಾವುದು? ಇದನ್ನು ಯಾರೂ ಬರೆಯಲಿಲ್ಲ. ಒಂದು ನಿಯಮ ತನ್ನ ಪಾಡಿಗೆ ತಾನು ನಡೆಯಿತು, ಅಷ್ಟೆ.

ನನ್ನ ಈ ನಿಲುವು ಪುಸ್ತಕದ್ದಲ್ಲ. ನಾನಿದ್ದ ಒಂದು ಗಿಲ್ಡ್‌ನಲ್ಲಿ, ಅಂದರೆ ಒಟ್ಟಾಗಿ ಆಡುವವರ ಕೂಟದಲ್ಲಿ, ನನ್ನ ಪಾತ್ರ ಕೋಟೆ ಕಾಯುವ ರೇಂಜರ್ ಆಗಿತ್ತು. ಮರೆಯಲ್ಲಿ ಅಡಗಿದವರ ಜಾಡು ಹಿಡಿಯುವ ವಿದ್ಯೆಯೊಂದನ್ನೇ ನಾನು ಬಹುಕಾಲ ಬೆಳೆಸಿದ್ದೆ. ಅದಕ್ಕಾಗಿ ಬೇರೆಯವರು ಹೊಳೆಯುವ ಕತ್ತಿ ಗಳಿಸುತ್ತಿದ್ದಾಗ ನಾನು ಜೌಗುಭೂಮಿಯಲ್ಲಿ ಹೆಜ್ಜೆಗುರುತು ಹುಡುಕುತ್ತ ಕಳೆದಿದ್ದೇನೆ. ಒಂದು ರಾತ್ರಿಯ ಸನ್ನಿವೇಶದಲ್ಲಿ ಕಳ್ಳನೊಬ್ಬ ಖಜಾನೆಯ ಬಳಿ ಸುಳಿದ. ಆಟ ಅವನನ್ನು ನನಗೆ ಸ್ಪಷ್ಟವಾಗಿ ತೋರಿಸಿತು, ಏಕೆಂದರೆ ಅವನ ಅಡಗುವ ವಿದ್ಯೆ ನನ್ನ ಜಾಡಿನ ವಿದ್ಯೆಯ ಅರ್ಧಕ್ಕೂ ಬರುತ್ತಿರಲಿಲ್ಲ. ನಾನು ಹಿಡಿದೆ. ಆಗ ಆ ಆಟಗಾರ ತನ್ನ ಪಾತ್ರಪರಿಚಯವನ್ನು ಮುಂದಿಟ್ಟ. ತನ್ನ ಪಾತ್ರಕ್ಕೆ ಮುನ್ನೂರು ವರ್ಷ ವಯಸ್ಸು, ನೆರಳಿನೊಡನೆ ನೆರಳಾಗುವುದನ್ನು ತನ್ನ ಕುಲವೇ ಕಲಿಸಿದೆ, ಕಾವಲುಗಾರ್ತಿಯೊಬ್ಬಳಿಗೆ ಸಿಕ್ಕುವುದು ‘ನೈಜವಲ್ಲ’ ಎಂದ. ಗಿಲ್ಡ್‌ನ ಹಿರಿಯರು ಪಂಚಾಯಿತಿಗೆ ಕುಳಿತರು. ರಾತ್ರಿಯೆಲ್ಲ ಮಾತಾಯಿತು. ಆತ ಗಿಲ್ಡ್ ಮುಖ್ಯಸ್ಥನ ಹಳೆಯ ಗೆಳೆಯ ಎಂಬ ಸಂಗತಿಯನ್ನು ಯಾರೂ ಎತ್ತಲಿಲ್ಲ, ಯಾರೂ ಮರೆತಿರಲೂ ಇಲ್ಲ. ತೀರ್ಪು ಅವನ ಕಡೆಗೆ ಆಯಿತು. ‘ಅವನ ಕಥೆ ಸೊಗಸಾಗಿದೆ’ ಎಂಬ ಕಾರಣ ಕೊಟ್ಟರು. ನನ್ನ ಪಾತ್ರ ಆ ರಾತ್ರಿ ಏನನ್ನೂ ಕಾಣಲಿಲ್ಲ ಎಂದು ದಾಖಲಿಸಲಾಯಿತು.

ಅಲ್ಲಿಂದ ಮುಂದೆ ನಾನು ಗಮನಿಸುತ್ತ ಬಂದೆ. ಲೆಕ್ಕ ಬಿಟ್ಟು ಬರೀ ಎಮೋಟ್‌ಗಳಲ್ಲಿ, ಅಂದರೆ ಪಾತ್ರ ಏನು ಮಾಡಿತೆಂದು ಟೈಪ್ ಮಾಡುವ ಸಾಲುಗಳಲ್ಲಿ, ನಡೆಯುವ ಕಾಳಗದಲ್ಲಿ ಯಾವಾಗಲೂ ಗೆಲ್ಲುವವರು ಮೂರು ಬಗೆಯವರು: ವೇಗವಾಗಿ ಟೈಪ್ ಮಾಡುವವರು, ಆಟದ ಭಾಷೆಯನ್ನು ಅಲಂಕಾರವಾಗಿ ಬರೆಯಬಲ್ಲವರು, ಮತ್ತು ಹಿರಿಯರ ಗೆಳೆಯರು. ಆ ಭಾಷೆಯನ್ನು ತಡವರಿಸುತ್ತ ಬರೆಯುವ ಹೊಸಬರ ಕೈಯಲ್ಲಿ ಎಂಥ ಖಡ್ಗವಿದ್ದರೂ ಅದು ಎದುರಾಳಿಗೆ ತಾಗುವುದೇ ಇಲ್ಲ. ‘ಮಿಂಚಿನಂತೆ ಪಕ್ಕಕ್ಕೆ ಸರಿದ’ ಎಂಬ ಒಂದು ಸಾಲಿನಲ್ಲಿ ಅವರ ಶ್ರಮವೆಲ್ಲ ನೀರಿನಲ್ಲಿ ಹೋಮವಾಗುತ್ತದೆ. ಸರ್ವರ್ ಯಾರ ವ್ಯಾಕರಣವನ್ನೂ ನೋಡುವುದಿಲ್ಲ.

ಸತ್ತವರನ್ನು ಎಬ್ಬಿಸುವ ಮಂತ್ರ ಇರುವಾಗ ಸಾವಿಗೆ ಬೆಲೆಯೇನು ಎಂದು ಕೇಳುವವರಿದ್ದಾರೆ. 1999ರ ‘ಎವರ್‌ಕ್ವೆಸ್ಟ್’ ಆಡಿದವರನ್ನು ಕೇಳಲಿ. ಸತ್ತರೆ ಗಳಿಸಿದ ಅನುಭವದ ಅಂಕ ಹೋಗುತ್ತಿತ್ತು, ಸಾಮಾನೆಲ್ಲ ಹೆಣದ ಮೇಲೆಯೇ ಉಳಿಯುತ್ತಿತ್ತು, ಬರಿಗೈಯಲ್ಲಿ ಅಷ್ಟು ದೂರ ಓಡಿ ಅದನ್ನು ತರಬೇಕಿತ್ತು. ನಿಯಮ ಸಡಿಲವಾಯಿತು ಎನಿಸಿದರೆ ಬಿಗಿಗೊಳಿಸಿ ಎಂದು ಆಟ ಮಾಡುವವರನ್ನು ಕೇಳಬಹುದು, ಅವರು ಒಪ್ಪಿದರೆ ಅದು ಎಲ್ಲರಿಗೂ ಬಿಗಿಯಾಗುತ್ತದೆ. ಮುನ್ನೂರು ವರ್ಷದ ಕಳ್ಳನ ವಿರುದ್ಧ ದೂರನ್ನು ನಾನು ಯಾರಿಗೆ ಕೊಡಬೇಕಿತ್ತು?

ವಿರೋಧ: ಮಲಗಿದ ರಾಜನ ಕುತ್ತಿಗೆ

ಈ ಪಕ್ಷವನ್ನು ವಹಿಸಿ ಬರೆಯಲು ನನ್ನನ್ನು ಕೇಳಲಾಗಿದೆ. ಜಗಳ ಬಂದಾಗ ಡ್ಯುಯೆಲ್‌ಗೆ (ಇಬ್ಬರ ನಡುವಿನ ಕಾಳಗಕ್ಕೆ) ಕರೆದು ಮುಗಿಸಿಬಿಡುವ ಸ್ವಭಾವ ನನ್ನದೂ ಹೌದಾದ್ದರಿಂದ ಎದುರು ಪಕ್ಷದ ಮಾತು ನನಗೆ ತೀರ ಅಪರಿಚಿತವಲ್ಲ. ಆದರೂ ‘ಅಂತಿಮ’ ಎಂಬಷ್ಟು ದೊಡ್ಡ ಪಟ್ಟವನ್ನು ಲೆಕ್ಕಕ್ಕೆ ಕಟ್ಟಬಾರದು ಎಂಬುದಕ್ಕೆ ಕೆಲವು ಕಾರಣಗಳಿವೆ.

ಹಂತಕನೊಬ್ಬ ರಾತ್ರಿ ಅರಮನೆಗೆ ನುಗ್ಗಿ, ಮಲಗಿರುವ ರಾಜನ ಕುತ್ತಿಗೆಗೆ ಚೂರಿ ಹಾಕುತ್ತಾನೆ ಎಂದುಕೊಳ್ಳೋಣ. ರಾಜನ ಲೆವೆಲ್ ಅರವತ್ತು, ಹಂತಕನದು ಹತ್ತು. ಲೆಕ್ಕ ಹೇಳುವುದೇನೆಂದರೆ ಚೂರಿ ಬಹುಶಃ ತಾಗುವುದಿಲ್ಲ, ತಾಗಿದರೂ ರಾಜನ ಹಿಟ್ ಪಾಯಿಂಟ್‌ನಲ್ಲಿ ನೂರಕ್ಕೆ ಒಂದು ಪಾಲು ಹೋಗುತ್ತದೆ, ರಾಜ ಎದ್ದು ಒಂದೇ ಏಟಿಗೆ ಹಂತಕನನ್ನು ಮುಗಿಸುತ್ತಾನೆ. ಅಂಕಿಯಲ್ಲಿ ಕೌಶಲವೂ ಅದೃಷ್ಟವೂ ಸೇರಿದೆ ಎಂಬ ಗೈಗ್ಯಾಕ್ಸ್ ಅವರ ವಿವರಣೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಿದ್ರಿಸುವವನ ಕೌಶಲವಾದರೂ ಎಲ್ಲಿಂದ ಬರಬೇಕು? ಹೀಗೆ ಒಳಸಂಚು, ವಿಷ, ಒತ್ತೆಯಾಳು, ಮುಪ್ಪು ಇವೆಲ್ಲ ಲೆಕ್ಕದ ಲೋಕದಲ್ಲಿ ಅಸಾಧ್ಯವಾಗುತ್ತವೆ. ಅಂಥ ಲೋಕದಲ್ಲಿ ರಾಜನಿಗೆ ಕಾವಲುಗಾರರೇ ಬೇಕಿಲ್ಲ, ರೇಂಜರ್ ಕೂಡ.

ಎರಡನೆಯದಾಗಿ, ಆಟದ ನಿಯಮಗಳನ್ನು ಬರೆದವರು ಆ ಲೋಕದ ಭೌತಶಾಸ್ತ್ರವನ್ನು ಬರೆದವರಲ್ಲ. ಅವರು ನೋಡುವುದು ಪರದೆಯ ಮುಂದೆ ಕುಳಿತ ಮನುಷ್ಯನನ್ನು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಪರೀಕ್ಷಾ ಹಂತದಲ್ಲಿ ಬಹಳ ಹೊತ್ತು ಆಡಿದ ಪಾತ್ರ ದಣಿದು, ಅದಕ್ಕೆ ಸಿಗುವ ಅನುಭವದ ಅಂಕ ಅರ್ಧಕ್ಕೆ ಇಳಿಯುತ್ತಿತ್ತು. ಆಟಗಾರರು ಗೊಣಗಿದರು. ಆಗ ವಿನ್ಯಾಸಕರು ಅದೇ ಲೆಕ್ಕವನ್ನು ತಿರುಗಿಸಿ, ದಣಿದ ಪಾತ್ರದ ಗಳಿಕೆಯನ್ನು ನೂರು ಪ್ರತಿಶತ ಎಂದೂ ವಿಶ್ರಾಂತಿ ಪಡೆದ ಪಾತ್ರದ್ದನ್ನು ಇನ್ನೂರು ಎಂದೂ ಕರೆದರು, ಗೊಣಗಾಟ ನಿಂತಿತು. ಇದು ಜಾಣತನವೇ, ಆದರೆ ಪಾತ್ರಕ್ಕೆ ದಣಿವಾಯಿತೇ ಇಲ್ಲವೇ ಎಂಬ ಪ್ರಶ್ನೆಗೆ ಇಂಥ ನಿಯಮದಿಂದ ಉತ್ತರ ಸಿಗುವುದಿಲ್ಲ. ಆಟಕ್ಕೆ ಆಗಾಗ ಬರುವ ತಿದ್ದುಪಡಿಗಳ, ಅಂದರೆ ಪ್ಯಾಚ್‌ಗಳ, ವಿಷಯವೂ ಹೀಗೆಯೇ. ನಿನ್ನೆಯವರೆಗೆ ಬೆಟ್ಟವನ್ನೇ ಸುಡುತ್ತಿದ್ದ ಮಾಂತ್ರಿಕ, ಸಮತೋಲನದ ಹೆಸರಿನಲ್ಲಿ ಬಂದ ಒಂದು ಪ್ಯಾಚ್‌ನಿಂದ ಇಂದು ಪೊದೆ ಸುಡಲೂ ಹೆಣಗುತ್ತಾನೆ. ಕಥೆಯೊಳಗೆ ಇದಕ್ಕೆ ಕಾರಣವೇ ಇಲ್ಲ. ಪ್ರತಿ ಪ್ಯಾಚ್‌ಗೂ ಅವನ ಜೀವನಚರಿತ್ರೆಯನ್ನು ತಿದ್ದುತ್ತ ಕೂರಬೇಕೇ?

ಸಾವಿನ ಪ್ರಶ್ನೆಯನ್ನು ಎದುರು ಪಕ್ಷದವರು ಹೆಣದತ್ತ ಓಡುವ ಕಷ್ಟದ ವರ್ಣನೆಯಲ್ಲಿ ಮುಗಿಸಿದ್ದಾರೆ. ನಾನು ಕೇಳುವುದು ಬೇರೆ. ಯಾವುದೇ ಊರಿನ ಹೀಲರ್ ಹತ್ತು ಕ್ಷಣದಲ್ಲಿ ಸತ್ತವರನ್ನು ಎಬ್ಬಿಸಬಲ್ಲ ಎಂಬುದು ಆ ಲೋಕದ ಸತ್ಯವಾದರೆ, ತಂದೆಯನ್ನು ಕಳೆದುಕೊಂಡೆ ಎಂದು ಹೇಳುವ ಪ್ರತಿಯೊಂದು ಪಾತ್ರವೂ ಸುಳ್ಳು ಹೇಳುತ್ತಿದೆ ಎಂದಾಗುತ್ತದೆ. ಸೇಡು, ಶೋಕ, ಉತ್ತರಾಧಿಕಾರ ಯಾವುದೂ ಉಳಿಯುವುದಿಲ್ಲ. ಬಿಗಿಯಾದ ರೋಲ್‌ಪ್ಲೇ ನಡೆಸುವ ಗುಂಪುಗಳು ಆ ಮಂತ್ರವನ್ನು ಕಥೆಯ ಸಾವುಗಳಿಗೆ ಬಳಸದಿರುವುದು, ಪಾತ್ರ ಸತ್ತರೆ ಹೊಸ ಪಾತ್ರ ಕಟ್ಟಿಕೊಳ್ಳುವುದು ಇದಕ್ಕಾಗಿಯೇ.

ಪಕ್ಷಪಾತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಟ್ಟ ಗಿಲ್ಡ್‌ಗಳು ಇರುತ್ತವೆ. ಬಿಟ್ಟು ಬೇರೆ ಗಿಲ್ಡ್ ಸೇರಬಹುದು. 2002ರಲ್ಲಿ ಬಂದ ‘ನೆವರ್‌ವಿಂಟರ್ ನೈಟ್ಸ್’ನಲ್ಲಿ ಆಟ ನಡೆಸುವವರೊಬ್ಬರು ಒಳಗೆ ಕುಳಿತು ಶತ್ರುಗಳನ್ನು ಕರೆಯಲು, ಪಾತ್ರಗಳನ್ನು ಮಾತನಾಡಿಸಲು ಅವಕಾಶವಿತ್ತು, ದಾಳದ ಲೆಕ್ಕವೂ ಅಲ್ಲಿ ನಡೆಯುತ್ತಿತ್ತು, ಅದು ಅಸಂಬದ್ಧ ಎನಿಸಿದಲ್ಲಿ ಮನುಷ್ಯನೊಬ್ಬ ಕೈಹಾಕಬಹುದಿತ್ತು. ನನಗೆ ಒಪ್ಪಿಗೆಯಾಗುವುದು ಅಂಥ ಏರ್ಪಾಡು: ಬಯಲಿನ ಕಾಳಗವನ್ನು ಸರ್ವರ್ ತೀರ್ಮಾನಿಸಲಿ, ಮಲಗಿದ ರಾಜನ ವಿಷಯವನ್ನು ರಾಜನ ಆಟಗಾರರೂ ಹಂತಕನ ಆಟಗಾರರೂ ಮೊದಲೇ ಮಾತಾಡಿಕೊಳ್ಳಲಿ. ಆ ಮುನ್ನೂರು ವರ್ಷದ ಕಳ್ಳನನ್ನು ಸಮರ್ಥಿಸಬೇಕೆಂದು ಮಾತ್ರ ನನ್ನನ್ನು ಯಾರೂ ಕೇಳಿಲ್ಲ, ಕೇಳಿದ್ದರೂ ಬರೆಯುತ್ತಿರಲಿಲ್ಲ.