ಜಡ್ಜ್ ಮೇಷ್ಟ್ರ ಸೀರಿಯಲ್: ನೋಡಬಹುದು, ನಂಬಬಹುದಾ?

ಚೀನಾದ ‘ಡ್ರಾ ದ ಲೈನ್’ 2022ರಲ್ಲಿ ಬಂದ 40 ಕಂತುಗಳ ಸೀರಿಯಲ್. ಹಿರಿಯ ಜಡ್ಜ್‌ಗಳು ಕಿರಿಯರನ್ನು ಪಳಗಿಸುವ ಕಥೆ. ಅದು ಅಲ್ಲಿನ ಕೋರ್ಟನ್ನು ಇದ್ದ ಹಾಗೆ ತೋರಿಸುತ್ತದೆಯೇ?

ಪರ

ಕೋರ್ಟ್ ಸೀರಿಯಲ್ ಅಂದರೆ ವಕೀಲರ ಕೂಗಾಟ, ಕೊನೆ ಗಳಿಗೆಯಲ್ಲಿ ಓಡಿ ಬರುವ ಸಾಕ್ಷಿ, ಅಲ್ವಾ? ಇದರಲ್ಲಿ ಜಿನ್ ದೊಂಗ್ ಮಾಡಿರುವ ಫಾಂಗ್ ಯುವಾನ್ ಪಾತ್ರ ಕೂರುವುದು ದಾವೆ ದಾಖಲಿಸಿಕೊಳ್ಳುವ ವಿಭಾಗದಲ್ಲಿ. ಇಂಥ ಜಾಗವನ್ನು ಟಿವಿಯವರು ಸಾಮಾನ್ಯವಾಗಿ ಮರೆತೇಬಿಡುತ್ತಾರೆ.

ಆದರೆ ನಿಜವಾದ ಒತ್ತಡ ಇರುವುದು ಅಲ್ಲೇ. ಕಾಗದಪತ್ರ ಸರಿಯಿದ್ದರೆ ದಾವೆ ತೆಗೆದುಕೊಳ್ಳಲೇಬೇಕು ಎಂಬ ನಿಯಮ 2015ರ ಮೇ 1ರಿಂದ ಬಂತು. ಫೈಲುಗಳ ರಾಶಿ ಬಿತ್ತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಜಡ್ಜ್‌ಗಳ ಸಂಖ್ಯೆಗೆ ಮಿತಿ ಹಾಕಿ, ಸುಮಾರು 2,10,000 ಇದ್ದವರನ್ನು 1,20,000ಕ್ಕೆ ಇಳಿಸಿದರು. ಹೊಸಬರು ಈಗ ಮೊದಲು ಜಡ್ಜ್ ಸಹಾಯಕರಾಗಿಯೇ ವರ್ಷಗಟ್ಟಲೆ ದುಡಿಯಬೇಕು. ನಮ್ಮಲ್ಲಿ ಜೂನಿಯರ್ ಪಳಗುವುದು ಸೀನಿಯರ್ ವಕೀಲರ ಆಫೀಸಿನಲ್ಲಿ. ಅಲ್ಲಿ ಕೋರ್ಟಿನ ಒಳಗೇ. ಕಲಿಸುವವರನ್ನು ‘ಶಿಫು’ ಎನ್ನುತ್ತಾರೆ. ಬಡಗಿಯ ಹುಡುಗ ತನ್ನ ಮೇಸ್ತ್ರಿಯನ್ನು ಕರೆಯುವುದೂ ಹಾಗೆಯೇ.

ಶಿಫು ಕಲಿಸುವ ಮುಖ್ಯ ಪಾಠ ‘ಇಲ್ಲ’ ಅನ್ನುವುದು. ಇದು ಸುಮ್ನೆ ಡೈಲಾಗ್ ಅಲ್ಲ. 2021ರ ಜನವರಿಯಲ್ಲಿ ಚಾಂಗ್ಶಾ ನಗರದಲ್ಲಿ ಹುನಾನ್ ಹೈಕೋರ್ಟಿನ ಮಹಿಳಾ ಜಡ್ಜ್ ಒಬ್ಬರನ್ನು ಹಳೆಯ ಪರಿಚಯದವಳೇ ಇರಿದು ಕೊಂದಳು. ತನ್ನ ಕೇಸಿಗೆ ಶಿಫಾರಸು ಮಾಡು ಎಂದಿದ್ದಳು, ಇವರು ಒಪ್ಪಿರಲಿಲ್ಲ, ಅಷ್ಟೇ. ಅಂಥ ಕೆಲಸದ ಭಾರವನ್ನು ಮನೆಮನೆಗೆ ತಲುಪಿಸುವ ಸೀರಿಯಲ್ ಬೇಕು.

ವಿರೋಧ

ಸೀರಿಯಲ್ ಚೆನ್ನಾಗಿದೆ, ಒಪ್ಪಿದೆ. ಆದರೆ ಅದು ತಯಾರಾದದ್ದು ಚೀನಾದ ಸುಪ್ರೀಂ ಪೀಪಲ್ಸ್ ಕೋರ್ಟಿನ ಮಾರ್ಗದರ್ಶನದಲ್ಲಿ. ಮನೆಯವರೇ ಮನೆಯ ಫೋಟೋ ತೆಗೆದರೆ ಹಿತ್ತಲು ಕಾಣುತ್ತದಾ?

ಗೆಳತಿಗೆ ‘ಇಲ್ಲ’ ಅನ್ನುವುದಕ್ಕೆ ಧೈರ್ಯ ಬೇಕು, ಅದು ನಿಜ. ಮೇಲಿನವರಿಗೆ ‘ಇಲ್ಲ’ ಅನ್ನುವುದನ್ನು ಯಾವ ಶಿಫು ಕಲಿಸುತ್ತಾನೆ? ನ್ಯಾಯಾಂಗದ ಸ್ವಾತಂತ್ರ್ಯದಂಥ ಪಾಶ್ಚಾತ್ಯ ವಿಚಾರಗಳನ್ನು ದೂರವಿಡಬೇಕು ಎಂದು 2017ರ ಜನವರಿಯಲ್ಲಿ ಹೇಳಿದವರು ಬೇರೆ ಯಾರೂ ಅಲ್ಲ, ಆಗಿನ ಮುಖ್ಯ ನ್ಯಾಯಾಧೀಶ ಝೌ ಚಿಯಾಂಗ್. ಕೋರ್ಟುಗಳ ಮೇಲೆ ಆಳುವ ಕಮ್ಯುನಿಸ್ಟ್ ಪಕ್ಷದ ಸಮಿತಿಯ ಕಣ್ಣು ಇದ್ದೇ ಇದೆ. ಕ್ರಿಮಿನಲ್ ಕೇಸಿನಲ್ಲಿ ಸಾವಿರಕ್ಕೆ ಒಬ್ಬರೂ ಖುಲಾಸೆಯಾಗುವುದಿಲ್ಲ. ಅಷ್ಟು ಕರಾರುವಾಕ್ಕಾದ ಪೊಲೀಸರು ಎಲ್ಲಾದರೂ ಇರುತ್ತಾರಾ!

ನಿಯೆ ಶುಬಿನ್ ಎಂಬ ಹುಡುಗನಿಗೆ ಅತ್ಯಾಚಾರ, ಕೊಲೆಯ ಆರೋಪದಲ್ಲಿ 1995ರಲ್ಲಿ ಮರಣದಂಡನೆ ಆಯಿತು. 2005ರಲ್ಲಿ ಇನ್ನೊಬ್ಬ ‘ಅದು ನಾನು ಮಾಡಿದ್ದು’ ಎಂದ. ಆದರೂ ತಪ್ಪು ತಿದ್ದುವುದಕ್ಕೆ 2016ರ ಡಿಸೆಂಬರ್ ಬರಬೇಕಾಯಿತು. ಅಲ್ಲಿಯವರೆಗೂ ಅವನ ತಾಯಿ ಕೋರ್ಟುಗಳ ಬಾಗಿಲು ಬಡಿಯುತ್ತಲೇ ಇದ್ದಳು. ಆ 11 ವರ್ಷ ಕೋರ್ಟಿನೊಳಗಿನ ಕಿರಿಯರು ಈ ಕೇಸಿನ ಬಗ್ಗೆ ಕೇಳಿದಾಗ ಅವರ ಶಿಫುಗಳು ಏನು ಹೇಳಿರಬಹುದು? ನನಗೆ ನೋಡಬೇಕಿರುವ ಕಂತು ಅದು.